ಸಿಲೋನಿಗೆ ಹೊರಟ ನಮ್ಮತ್ತೆ

ನಮ್ಮತ್ತೆ ಭಾಗೀರಥಮ್ಮನವರು ದೋಸೆಯನ್ನು ಯಾವತ್ತೂ ದುಂಡಗೆ ಹೊಯ್ಯುತ್ತಿರಲಿಲ್ಲ. ಕಾವಲಿಯ ಮೇಲೆ ಹಿಟ್ಟು ಬಿಟ್ಟು, ಸೌಟಿನ ಬೆನ್ನಿನಿಂದ ಅದನ್ನು ಮೇಲೆ ಚೂಪಾಗಿ, ಕೆಳಗೆ ಅಗಲವಾಗಿ, ಮಾವಿನಕಾಯಿಯ ಹಾಗೆ ಎಳೆಯುತ್ತಿದ್ದರು. ಮದುವೆಯಾಗಿ ಭದ್ರಾವತಿಯ ಕಾರ್ಖಾನೆ ವಠಾರದ ಮನೆಗೆ ನಾನು ಬಂದ ಮಾರನೆಯ ಬೆಳಿಗ್ಗೆ ನನ್ನ ಎಲೆಗೆ ಬಿದ್ದದ್ದು ಅಂಥದೇ ದೋಸೆ. ಹೊಸ ಸೊಸೆ, ಕೇಳುವ ಧೈರ್ಯವಿಲ್ಲ. ಅವರೇ ಮಗುಚುವ ಕೈಯ ತುದಿಯಿಂದ ತೋರಿಸಿದರು.

"ಇದು ಸಿಲೋನು. ಇಲ್ಲಿ ಎಡಗಡೆ ಮೂಲೇಲಿ ಹಡಗು ಇಳಿಯೋದು. ಕೆಳಗೆ ದಪ್ಪಗಿದೆಯಲ್ಲ, ಅದು ಬೆಟ್ಟ. ಬಲಗಡೆ ಕೆಂಪಗೆ ಬೆಂದಿರೋದು ಕಾಡು. ಕಾಡಿನ ಕಡೆಯಿಂದ ತಿನ್ನಬೇಡ ಮಾರಾಯ್ತಿ, ಅದು ಕೊನೆಗಿರಲಿ."

ನಮ್ಮವರು ಪಕ್ಕದಲ್ಲಿ ಕೂತು ತಲೆ ತಗ್ಗಿಸಿ ಕಾಡು, ಬೆಟ್ಟ, ಬಂದರು ಎಲ್ಲವನ್ನೂ ಒಟ್ಟಿಗೆ ಮಡಿಸಿ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಅವರಿಗೆ ಅಭ್ಯಾಸವಾಗಿತ್ತು.

ಆಗ ಅತ್ತೆಗೆ ಐವತ್ತು ದಾಟಿತ್ತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಆ ಕಾಲದ ನಮ್ಮ ಮನೆಗಳ ಕಟ್ಟಳೆಯಂತೆ ತಲೆ ತೆಗೆಸಿ, ಕೆಂಪು ಸೀರೆ ಉಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡಿರುತ್ತಿದ್ದರು. ತಿಂಗಳಿಗೊಮ್ಮೆ ಹಿತ್ತಲಿಗೆ ಕ್ಷೌರದವನು ಬಂದು ಹೋಗುತ್ತಿದ್ದ. ಆ ದಿನ ಮಾತ್ರ ಮಧ್ಯಾಹ್ನದವರೆಗೆ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಅವರ ಮಾತಿಗೆ ಬರವಿರಲಿಲ್ಲ. ನಡಿಗೆ ಬಿರುಸು, ನಗು ಜೋರು. ಯಾರಾದರೂ "ನೋಡೋಣ ಬಿಡಿ" ಅಂದರೆ ಸಾಕು, "ನೋಡೋಣ ಅನ್ನೋದು ಸೋಮಾರಿಗಳ ಮಂಗಳಾರತಿ" ಎಂದುಬಿಡುತ್ತಿದ್ದರು. ಇನ್ನೊಂದು ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು: "ದೇವರು ಕಾಲು ಕೊಟ್ಟಿದ್ದು ಅಡುಗೆಮನೆ ಅಳೆಯೋಕಲ್ಲ."

ಸಿಲೋನಿನ ಹುಚ್ಚು ಅವರಿಗೆ ಹತ್ತಿದ್ದು ಸೊಪ್ಪಿನಿಂದ. ಅಂದರೆ ಸೊಪ್ಪು ಮಾರುವ ಅಂಜಲೈಯಿಂದ. ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಭದ್ರಾವತಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಅಂಜಲೈಯ ಗಂಡ ತಮಿಳುನಾಡಿನ ಕಡೆಯವನು, ಕುಲುಮೆಯ ಹತ್ತಿರ ಕೆಲಸ. ಇವಳು ಹೊಳೆದಂಡೆಯಲ್ಲಿ ಸೊಪ್ಪು ಬೆಳೆದು ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಿದ್ದಳು. ಅವಳು ಹುಟ್ಟಿದ್ದು ಸಿಲೋನಿನ ಒಂದು ಟೀ ತೋಟದ ಸಾಲುಮನೆಯಲ್ಲಿ. ಮೈ ನೆರೆಯುವ ಹೊತ್ತಿಗೆ ಅಪ್ಪ ಅವಳನ್ನು ವಾಪಸು ಕರೆತಂದಿದ್ದ. ಅಲ್ಲೇ ಮದುವೆಯಾಗಿದ್ದ ಅಕ್ಕ ಪೊನ್ನಮ್ಮ ಅಲ್ಲೇ ಉಳಿದಳು.

ಒಂದು ದಿನ ಅಂಜಲೈ ಹೊಸ್ತಿಲಾಚೆ ಕೂತು ದಂಟು ಬಿಡಿಸಿಕೊಡುತ್ತಿದ್ದಳು. ಅತ್ತೆ ಕೇಳಿದರು: "ಅದೆಂತದೇ ನೀನು ನಿನ್ನೆ ಅಂದಿದ್ದು, ಜೇನುಹುಳಕ್ಕೆ ಹಾಡು ಹೇಳ್ತಾರೆ ಅಂತ?"

"ಆಮಾಮ್ಮಾ. ನಮ್ ಬೆಟ್ಟದ ಕೆಳಗೆ ಒಂದು ಪೇಟೆ. ಅಲ್ಲಿಗೆ ವೇಡರ್ ಬರೋರು, ಭುಜದ ಮೇಲೆ ಕೊಡ್ಲಿ ಇಟ್ಕೊಂಡು. ಬಂಡೆ ತುದಿಯಿಂದ ಬಳ್ಳಿ ಬಿಟ್ಟು ಇಳ್ದು ಜೇನ್ ತೆಗೀತಾರೆ. ಇಳಿಯೋ ಮುಂಚೆ ಹುಳುಗೆ ಪಾಟ್ ಹಾಡ್ತಾರೆ, ನಮ್ಮನ್ನ ಕಚ್ಬೇಡ ಅಂತ."

"ವೇಡರ್ ಅಂದ್ರೆ?"

"ಅದೇ ಅಮ್ಮಾ, ಕಾಡ್ ಜನ. ಬೇಟೆ ಆಡೋರು."

"ಬೇಡರು!" ಅತ್ತೆ ತೊಡೆ ತಟ್ಟಿಕೊಂಡರು. "ಅವರು ವೇಡರು, ನಮ್ಮಲ್ಲಿ ಬೇಡರು. ಒಂದಕ್ಷರ ಸಮುದ್ರದಲ್ಲಿ ನೆನೆದು ಬದಲಾಗಿದೆ, ಅಷ್ಟೆ. ಇಷ್ಟು ವರ್ಷ ಆ ಕಡೆ ಇರೋರೆಲ್ಲಾ ಕೋರೆಹಲ್ಲಿನ ರಾಕ್ಷಸರು ಅಂತ ಪುರಾಣದೋರು ಹೆದರಿಸ್ತಿದ್ರಲ್ಲೇ!"

ಅಂದಿನಿಂದ ಸೊಪ್ಪಿನ ವ್ಯಾಪಾರ ನೆಪವಾಯಿತು. ನಮ್ಮವರ ಹಳೆಯ ಶಾಲೆಯ ನಕಾಶೆ ಪುಸ್ತಕ ಅಟ್ಟದಿಂದ ಇಳಿಯಿತು. ಅಂಜಲೈಗೆ ಓದು ಬಾರದು, ಅತ್ತೆಗೆ ಆ ದೇಶ ಗೊತ್ತಿಲ್ಲ. ಇಬ್ಬರೂ ಸೇರಿ ಬೆರಳಿಟ್ಟು ದಾರಿ ಹುಡುಕುತ್ತಿದ್ದರು. "ಇಲ್ಲಿ ರೈಲ್ ಹತ್ತಿದ್ರೆ ಬೆಳಿಗ್ಗೆ ಚಳಿ ಆಗುತ್ತೆ. ಚಳಿ ಆಯ್ತು ಅಂದ್ರೆ ನಮ್ ತೋಟ ಬಂತು ಅಂತ" ಎಂದು ಅಂಜಲೈ ಹೇಳಿದರೆ, ಅತ್ತೆ ನಕಾಶೆಯ ಮೇಲೆ ಚಳಿಯಾಗುವ ಜಾಗವನ್ನು ಹುಡುಕುತ್ತಿದ್ದರು. ದೇಶ ನೋಡುವುದೆಂದರೆ ಗುಡಿ ನೋಡುವುದು ಎಂದು ತಿಳಿದಿದ್ದ ಕಾಲ ಅದು. ಅತ್ತೆಗೆ ಬೇಕಾಗಿದ್ದುದು ಆ ಕಾಡು, ಆ ಬಂಡೆ, ಆ ಹಾಡು.

ತಯಾರಿ ಜೋರಾಗಿಯೇ ನಡೆಯಿತು. ಸಂಜೆಯಾದರೆ ಹೆಗಲಿಗೆ ಒಂದು ಜೋಳಿಗೆ ಏರಿಸಿ, ಅದರಲ್ಲಿ ಹೊಳೆಕಲ್ಲು ತುಂಬಿಕೊಂಡು, ಭದ್ರಾ ನದಿಯ ದಂಡೆಗುಂಟ ಬಿರಬಿರನೆ ನಡೆದು ಬರುತ್ತಿದ್ದರು. ಬೆಟ್ಟ ಹತ್ತುವ ಅಭ್ಯಾಸವಂತೆ. ಕೆಲಸ ಬಿಟ್ಟು ಬರುವ ಕಾರ್ಮಿಕರಿಗೆ ಅದೊಂದು ತಮಾಷೆ.

"ಏನ್ ದೊಡ್ಡಮ್ಮ, ಎಲ್ಲಿಗೆ ಸವಾರಿ?"

"ಸಿಲೋನಿಗೆ."

"ಇವತ್ತು ಎಲ್ಲೀವರೆಗೆ ಬಂತು?"

"ಮಧುರೆ ದಾಟ್ತು ಕಣಪ್ಪ. ನಾಳೆ ಸಮುದ್ರ ಕಾಣಬಹುದು."

ನಮ್ಮವರು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಮೇಲಿನವರ ಕಿವಿಗೆ ಇದೆಲ್ಲ ಬಿದ್ದು ಅವರಿಗೆ ಮುಜುಗರ. "ಅಮ್ಮ, ಜನ ಏನಂತಾರೆ?" ಎಂದು ಒಮ್ಮೆ ಗೊಣಗಿದರು.

"ಜನ ಏನೂ ಅನ್ನಲ್ಲ ನರಸು. ನಮಗೂ ಒಂದು ಜಾಗ ಹಿಡೀರಿ ಅಂತಾರೆ. ನೀನು ರಜೆ ಕೇಳು, ಸಾಕು."

ಖರ್ಚಿಗೆ ಯಾರ ಮುಂದೂ ಕೈಚಾಚಬೇಕಿರಲಿಲ್ಲ. ಮಾವನವರು ಬಿಟ್ಟುಹೋದ ಗದ್ದೆಯ ಗೇಣಿ ಅವರ ಕೈಗೇ ಬರುತ್ತಿತ್ತು. ಅಡ್ಡಿ ಇದ್ದದ್ದು ಬೇರೆ ಕಡೆ. ಶಿವಮೊಗ್ಗದ ಕೋಟೆಯಲ್ಲಿದ್ದ ಅವರ ಅಣ್ಣ, ನಾವೆಲ್ಲ ಶಾಸ್ತ್ರಿಮಾವ ಅನ್ನುತ್ತಿದ್ದೆವು, ದೊಡ್ಡ ವೈದಿಕರು. ಊರಿನ ಧರ್ಮಸಂದೇಹಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು. ಭದ್ರಾವತಿಗೆ ಹೆಸರು ಬದಲಾಗಿ ಎಷ್ಟು ಕಾಲವಾದರೂ ಅವರ ಬಾಯಲ್ಲಿ ಅದು ಹಳೆಯ ಬೆಂಕೀಪುರವೇ. ಅತ್ತೆ ವಿಧವೆಯಾದಾಗ ಆಸರೆ ಕೊಟ್ಟು, ನಮ್ಮವರನ್ನು ಓದಿಸಿ ದಡ ಸೇರಿಸಿದವರು ಅವರೇ. ಅವರಿಗೆ ಹೇಳದೆ ಹೊರಡುವುದು ಅತ್ತೆಯ ಮನಸ್ಸಿಗೆ ಬರಲಿಲ್ಲ. ಒಂದು ಭಾನುವಾರ ನಾವು ಮೂವರೂ ಶಿವಮೊಗ್ಗಕ್ಕೆ ಹೋದೆವು.

ಶಾಸ್ತ್ರಿಮಾವ ಎಲ್ಲ ಕೇಳಿ, ನಶ್ಯದ ಡಬ್ಬಿ ಮುಚ್ಚಿ, ನಿಧಾನವಾಗಿ ಹೇಳಿದರು: "ರಾಮೇಶ್ವರಕ್ಕೆ ಹೋಗು ಭಾಗೂ. ಪುಣ್ಯ. ನಾನೇ ಕಳಿಸಿಕೊಡ್ತೀನಿ. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ರೆ ಸಮುದ್ರಯಾನ. ಜಾತಿ ಕೆಟ್ಟುಹೋಗುತ್ತೆ."

"ಪುಣ್ಯ ಮುಗಿದು ಪಾಪ ಶುರುವಾಗೋ ಜಾಗಕ್ಕೆ ಗಡಿಕಲ್ಲು ನೆಟ್ಟಿದಾರಾ ಅಣ್ಣಾ?"

"ತಮಾಷೆ ಬೇಡ."

"ತಮಾಷೆ ಅಲ್ಲ. ದೇವರೇ ಕಪಿಗಳನ್ನ ಕಟ್ಕೊಂಡು ಆ ಸಮುದ್ರ ದಾಟಿ ಹೋದ, ತಿರುಗಿ ಬಂದ. ಬಂದ ಮೇಲೆ ಅವನಿಗೆ ಯಾರು ಪಂಚಗವ್ಯ ಕುಡಿಸಿದ್ರು, ಹೇಳು?"

ಒಳಗೆ ಅತ್ತೆಯ ಅತ್ತಿಗೆ ನಕ್ಕದ್ದು ನಮಗೆ ಕೇಳಿಸಿತು. ಶಾಸ್ತ್ರಿಮಾವನಿಗೂ ಕೇಳಿಸಿತು. ಅವರ ಮುಖ ಕೆಂಪಾಯಿತು. "ಹೋಗು. ನಿನ್ನ ಕಾಲು ಕಟ್ಟಿಹಾಕೋಕೆ ನನ್ನಿಂದಾಗಲ್ಲ. ಆದ್ರೆ ಹೋಗಿ ಬಂದ ಮೇಲೆ ಈ ಹೊಸ್ತಿಲು ತುಳೀಬೇಡ" ಎಂದು ಎದ್ದು ಒಳಗೆ ಹೋದರು.

ಅಂದೇ ರೈಲಿನಲ್ಲಿ ಹಿಂತಿರುಗಿದೆವು. ಮರುದಿನ ಬೆಳಿಗ್ಗೆ ಅತ್ತೆ ಸಾದಾ ಉಪ್ಪಿಟ್ಟು ಮಾಡಿದರು. ಸಂಜೆ ನಡೆಯಲೂ ಹೋಗಲಿಲ್ಲ. ಹಾಗೆ ಕೆಲವು ವಾರ ಕಳೆದವು. ಸಿಲೋನಿನ ಮಾತು ಮುಗಿಯಿತೆಂದೇ ನಾನೂ ತಿಳಿದೆ. ಸತ್ಯ ಹೇಳಬೇಕೆಂದರೆ ಮನೆ ಸಪ್ಪೆಯಾಗಿತ್ತು.

ಅಷ್ಟರಲ್ಲಿ ಸಿಲೋನಿನಲ್ಲಿ ಚಳಿಜ್ವರ ಹಬ್ಬಿದೆ, ಊರಿಗೆ ಊರೇ ಮಲಗಿದೆ ಎಂಬ ಸುದ್ದಿ ಬಂತು. ಕಾರ್ಖಾನೆಯಲ್ಲಿ ಅಲ್ಲಿಂದ ಮರಳಿದವರಾರೋ ಹೇಳಿದ್ದು. ಅಂಜಲೈ ಸೊಪ್ಪಿನ ಬುಟ್ಟಿಯಿಲ್ಲದೆ ಬರಿಗೈಯಲ್ಲಿ ಬಂದು ನಮ್ಮ ಬಾಗಿಲಲ್ಲಿ ಕೂತುಬಿಟ್ಟಳು.

"ಅಕ್ಕ ಇದಾಳೋ ಇಲ್ವೋ ಗೊತ್ತಾಗ್ಲಿಲ್ಲ ಅಮ್ಮಾ. ಯಾರ್ನ ಕೇಳೋದು? ನಮ್ಗೆ ಯಾರಿದಾರೆ?"

ಅತ್ತೆ ಮಡಿಯಲ್ಲಿದ್ದರೂ ಹೊಸ್ತಿಲು ದಾಟಿ ಬಂದು ಅವಳ ಪಕ್ಕದಲ್ಲಿ ಕೂತರು. "ಅಳಬೇಡ. ಕೇಳೋದೇನು, ಹೋಗಿ ನೋಡ್ಕೊಂಡು ಬರೋಣ. ನಿನ್ನ ಅಕ್ಕನ್ನೂ ನೋಡೋಣ, ನನ್ನ ಕಾಡನ್ನೂ ನೋಡೋಣ. ಜ್ವರ ಇಳೀಲಿ, ಹೊರಡೋದೇ." ಆಮೇಲೆ ನನ್ನ ಕಡೆ ತಿರುಗಿದರು. "ಭದ್ರಾವತೀಲಿ ಇಷ್ಟು ವರ್ಷ ಬದುಕಿದೋರು ಚಳಿಜ್ವರಕ್ಕೆ ಹೆದರಿದ್ರೆ ಸೊಳ್ಳೆಗಳು ನಗ್ತಾವೆ."

ಅಣ್ಣನ ಹೊಸ್ತಿಲು ಹೋದರೂ ಸರಿಯೆಂದು ಅವರು ತೀರ್ಮಾನಿಸಿದ್ದು ಆ ಗಳಿಗೆಯಲ್ಲೇ ಎಂದು ನನ್ನ ನಂಬಿಕೆ.

ಹೊರಡುವ ಮುಂಚೆ ಇನ್ನೊಂದು ಕೆಲಸ ಆಯಿತು. ವೇಡರಿಗೆ ಜೇನು, ಬೇಟೆ ಎಲ್ಲ ಉಂಟು, ಕಬ್ಬಿಣವೊಂದು ಮಾತ್ರ ಹೊರಗಿನವರಿಂದಲೇ ಬರಬೇಕು ಎಂದು ಅಂಜಲೈ ಹೇಳಿದ್ದಳು. ಅವಳ ಅಜ್ಜಿಯ ಕಾಲದಲ್ಲಿ ಅವರು ಊರೊಳಗೆ ಬರಲು ನಾಚಿ, ಕಮ್ಮಾರನ ಬಾಗಿಲಲ್ಲಿ ಜೇನು ಇಟ್ಟು, ಪಕ್ಕದಲ್ಲಿ ಬಾಣದ ಮೊನೆಯ ಆಕಾರಕ್ಕೆ ಎಲೆ ಕತ್ತರಿಸಿಟ್ಟು ಹೋಗುತ್ತಿದ್ದರಂತೆ. ಅತ್ತೆ ಹಳೇಪೇಟೆಯ ಕಮ್ಮಾರ ಬಸಾಚಾರಿಯ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದರು.

"ಕೊಡಲಿ ಬೇಕು ಆಚಾರ್ರೇ. ಮರದ ಕಾವು ಬೇಡ, ತಲೆ ಮಾತ್ರ. ಗಟ್ಟಿಯಾಗಿರಲಿ, ನೆಂಟರಿಗೆ ಉಡುಗೊರೆ."

"ಕೊಡಲಿ ಕೇಳೋ ನೆಂಟರು ಯಾರಮ್ಮ ನಿಮಗೆ?"

"ದೂರದೋರು. ಕಬ್ಬಿಣದ ಊರಿಂದ ಹೋಗ್ತಿರೋಳು ಬರಿಗೈಲಿ ಹೋದ್ರೆ ಚೆಂದವಾ?"

ಜ್ವರದ ಸುದ್ದಿ ತಣ್ಣಗಾದ ಮೇಲೆ, ಒಂದು ಚಳಿಗಾಲದ ಕೊನೆಯಲ್ಲಿ ಹೊರಟೆವು: ಅತ್ತೆ, ಅಂಜಲೈ, ನಮ್ಮವರು, ನಾನು. ಹುರಿಹಿಟ್ಟು, ಅವಲಕ್ಕಿ, ಉಪ್ಪಿನಕಾಯಿ, ಕೊಡಲಿ ತಲೆಗಳ ಗಂಟು. ಬೀರೂರಿನಲ್ಲಿ ರೈಲು ಬದಲಿಸಿದೆವು, ಬೆಂಗಳೂರಿನಲ್ಲಿ ಬದಲಿಸಿದೆವು, ಆಮೇಲೆ ಎಲ್ಲೆಲ್ಲಿ ಬದಲಿಸಿದೆವೋ. ಪ್ರತಿ ನಿಲ್ದಾಣದಲ್ಲೂ ಅತ್ತೆ ಕಿಟಕಿಯಿಂದ ಇಣುಕಿ ಮಣ್ಣಿನ ಬಣ್ಣ ನೋಡಿ, "ಕೆಂಪು ಹೋಯ್ತು, ಬಿಳಿ ಬಂತು" ಎಂದು ವರದಿ ಮಾಡುತ್ತಿದ್ದರು.

ಹಡಗು ಹತ್ತುವ ಮೊದಲು ಕಡಲ ದಡದಲ್ಲಿ ಒಂದು ತಪಾಸಣೆ ಶಿಬಿರ. ಸಿಲೋನಿಗೆ ಹೋಗುವವರಿಗೆ ರೋಗವಿಲ್ಲವೆಂದು ಖಾತ್ರಿಯಾಗುವ ತನಕ ಅಲ್ಲಿ ತಡೆದಿಡುತ್ತಿದ್ದರು. ತೋಟದ ಕೂಲಿಗಳಿಗೆ ಉದ್ದದ ತಗಡಿನ ಕೊಟ್ಟಿಗೆ, ನಮ್ಮಂಥವರಿಗೆ ಬೇರೆ ಕೋಣೆ. ಅಂಜಲೈಯ ಮಾತು, ಉಡುಗೆ ನೋಡಿದ ಕೂಡಲೇ ಅಲ್ಲಿನ ಗುಮಾಸ್ತ ಅವಳನ್ನು ಕೊಟ್ಟಿಗೆಯ ಸಾಲಿಗೆ ತಳ್ಳಿದ. ಅವಳು ಸುಮ್ಮನೆ ಹೋಗಿ ನಿಂತಳು. ಅವಳಿಗೆ ಅದು ಹೊಸದಲ್ಲ.

ಅತ್ತೆ ಗುಮಾಸ್ತನ ಎದುರು ನಿಂತರು. ಅಂಜಲೈಯಿಂದಲೇ ಕಲಿತ ತಮಿಳಿಗೆ ಕನ್ನಡ ಬೆರೆಸಿ, "ಅವಳು ನಮ್ಮ ಜೊತೆಯವಳು" ಅಂದರು.

"ನಿಮ್ಮ ಆಳಾ?"

"ಅಲ್ಲಪ್ಪ. ದಾರಿ ಗೊತ್ತಿರೋಳು ಅವಳು. ನಾವು ಅವಳ ಜೊತೆ ಹೋಗ್ತಿರೋರು."

ಅವನಿಗೆ ಅರ್ಥವಾಗಲಿಲ್ಲವೋ, ಅರ್ಥವಾದರೂ ಒಪ್ಪಿಗೆಯಾಗಲಿಲ್ಲವೋ. ನಿಯಮ ಅಂದ. ಅತ್ತೆ ವಾದ ಮಾಡಲಿಲ್ಲ. ತಮ್ಮ ಗಂಟು ಎತ್ತಿಕೊಂಡು ಹೋಗಿ ಕೂಲಿಗಳ ಸಾಲಿನಲ್ಲಿ ಅಂಜಲೈಯ ಹಿಂದೆ ನಿಂತರು. ನಮ್ಮವರು ಹಣೆ ಒರೆಸಿಕೊಂಡರು. ನಾನು ಒಂದು ಕ್ಷಣ ನೋಡಿ ಅತ್ತೆಯ ಹಿಂದೆ ನಿಂತೆ. ನನ್ನ ಹಿಂದೆ, ಪೇಟ ಸರಿಮಾಡಿಕೊಳ್ಳುತ್ತಾ, ನಮ್ಮವರು. ಆ ದಿನಗಳನ್ನು ನಾವು ತಗಡಿನ ಕೆಳಗೇ ಕಳೆದೆವು. ಅತ್ತೆ ಮೂರು ಕಲ್ಲು ಹೂಡಿ ತಮ್ಮ ಅನ್ನ ತಾವು ಬೇಯಿಸಿಕೊಂಡು, ಮಿಕ್ಕ ಹೊತ್ತು ಕೂಲಿ ಹೆಂಗಸರ ಮಕ್ಕಳಿಗೆ ತಲೆ ಬಾಚುತ್ತಾ, ಅವರು ಯಾವ ಬೆಟ್ಟದ ತೋಟಕ್ಕೆ ಹೋಗುವವರು, ಅಲ್ಲಿ ಯಾವ ಮರ, ಯಾವ ಹಕ್ಕಿ ಎಂದು ವಿಚಾರಿಸುತ್ತಿದ್ದರು. ನಕಾಶೆಯಲ್ಲಿ ಸಿಗದ್ದೆಲ್ಲ ಅಲ್ಲಿ ಸಿಕ್ಕಿತು ಎಂದು ಆಮೇಲೆ ಹೇಳುತ್ತಿದ್ದರು.

ಆಚೆ ದಡದಲ್ಲಿ ಸುಂಕದವನು ಗಂಟು ಬಿಚ್ಚಿಸಿದ. ಕೆಂಪು ಸೀರೆಯ, ತಲೆ ಬೋಳಿಸಿಕೊಂಡ ಮುದುಕಿಯ ಗಂಟಿನಿಂದ ಒಂದರ ಮೇಲೊಂದು ಕೊಡಲಿ ತಲೆಗಳು ಉರುಳಿದಾಗ ಅವನ ಮುಖ ನೋಡಬೇಕಿತ್ತು. ಇವನ್ನೇನು ಮಾಡುತ್ತೀರಿ ಎಂದು ನಮ್ಮವರನ್ನು ಇಂಗ್ಲಿಷಿನಲ್ಲಿ ಕೇಳಿದ. ನಮ್ಮವರು ಗಂಭೀರವಾಗಿ, "ನೆಂಟರಿಗೆ ಉಡುಗೊರೆ" ಎಂದು ಅದೇ ಇಂಗ್ಲಿಷಿನಲ್ಲಿ ಹೇಳಿದರು. ಆ ಮಾತು ಕೇಳಿದಾಗ, ನಮ್ಮವರು ಈಗ ನಿಜವಾಗಿ ನಮ್ಮ ಜೊತೆ ಹೊರಟಿದ್ದಾರೆ ಅನ್ನಿಸಿತು.

ಚಳಿ ಆಯಿತು. ತೋಟ ಬಂತು. ಬದುಲ್ಲ ಎಂಬ ಊರಿನ ಮೇಲಿನ ಬೆಟ್ಟ ಅದು. ಹಸಿರು ಕಂಬಳಿ ಹೊದಿಸಿದ ಹಾಗೆ ಟೀ ಗಿಡ, ನಡುವೆ ಸಾಲುಮನೆ. ಅಂಜಲೈ ಮೊದಲ ಮನೆಯ ಮುಂದೆಯೇ ನಿಂತುಬಿಟ್ಟಳು. ಅತ್ತೆಯೇ ಮುಂದೆ ಹೋಗಿ, "ಪೊನ್ನಮ್ಮಾ! ಏ ಪೊನ್ನಮ್ಮಾ!" ಎಂದು ನಮ್ಮೂರ ಓಣಿಯಲ್ಲಿ ಕರೆಯುವ ಹಾಗೆ ಕೂಗಿದರು. ಮೂರನೆಯ ಬಾಗಿಲಿನಿಂದ ಒಬ್ಬ ತೆಳ್ಳನೆಯ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಬಂದಳು. ಅಂಜಲೈಯನ್ನು ನೋಡಿದಳು. ನಂಬಲಿಲ್ಲ. ಹತ್ತಿರ ಬಂದು ಅವಳ ಕಿವಿಯ ಹಿಂದಿನ ಹಳೆಯ ಗಾಯದ ಕಲೆ ಮುಟ್ಟಿ ನೋಡಿ, ಆಮೇಲೆ ಬಯ್ಯತೊಡಗಿದಳು. ಏನೆಂದು ಬಯ್ದಳೋ ನನಗೆ ತಿಳಿಯಲಿಲ್ಲ. ಬಯ್ಯುತ್ತಲೇ ಅಪ್ಪಿಕೊಂಡಳು. ಜ್ವರದಲ್ಲಿ ಒಂದು ಕೂಸನ್ನು ಕಳೆದುಕೊಂಡಿದ್ದಳು. ತಾನು, ಗಂಡ, ದೊಡ್ಡ ಮಗಳು ಉಳಿದಿದ್ದರು. ಅಕ್ಕತಂಗಿಯರು ಮಣ್ಣಿನ ಜಗಲಿಯಲ್ಲಿ ಕೂತು ಅತ್ತರು, ಆಮೇಲೆ ಯಾವುದೋ ಹಳೆಯ ಮಾತು ನೆನೆದು ನಕ್ಕರು. ಅತ್ತೆ ನನ್ನ ಕೈ ಹಿಡಿದು ಟೀ ಗಿಡಗಳ ನಡುವೆ ದೂರ ನಡೆಸಿಕೊಂಡು ಹೋದರು. "ಅವರಷ್ಟಕ್ಕೆ ಇರಲಿ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಅಲ್ಲಿಂದ ಕಾಡಿಗೆ. ಬೆಟ್ಟ ಇಳಿದು, ಪೇಟೆಯಲ್ಲಿ ಒಬ್ಬ ಬಂಡಿಯವನನ್ನು ಹಿಡಿದೆವು. ತಮಿಳು, ಸಿಂಹಳ ಎರಡೂ ಬಲ್ಲವನು. ಅಂಜಲೈ ಬರಲೇಬೇಕೆಂದು ಹಟ ಮಾಡಿ ಬಂದಳು. ಬಂಡಿ ಹೋದಂತೆ ಕಾಡು ಎತ್ತರವಾಯಿತು. ಒಂದು ಹೊಳೆ ದಾಟಿದೆವು. ಆನೆ ಈಗತಾನೇ ಹೋದ ದಾರಿ ಎಂದು ಬಂಡಿಯವನು ಲದ್ದಿ ತೋರಿಸಿದಾಗ ನಮ್ಮವರು ಬಂಡಿಯ ನಡುವಿಗೆ ಸರಿದರು, ಅತ್ತೆ ಅಂಚಿಗೆ ಸರಿದರು.

ಮರಗಳು ತೆರವಾದಲ್ಲಿ ಕೆಲವು ಗುಡಿಸಲು. ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಗಡ್ಡದ ಮುದುಕನೊಬ್ಬ ನಮ್ಮನ್ನೇ ನೋಡುತ್ತಾ ನಿಂತಿದ್ದ. ಅಂಜಲೈ ಬಣ್ಣಿಸಿದ್ದ ಹಾಗೆಯೇ. ಆದರೆ ಅತ್ತೆ ಅವನನ್ನು ಬಿಟ್ಟು ಅವನ ಹಿಂದಿನ ಹೊಲ ನೋಡಿ ಕೂಗಿಕೊಂಡರು: "ಅಯ್ಯೋ, ನೋಡೇ ಇಲ್ಲಿ! ರಾಗಿ ಕಣೇ! ನಮ್ಮ ರಾಗಿ!"

ನಿಜ. ಸುಟ್ಟ ಮರದ ಬೊಡ್ಡೆಗಳ ನಡುವೆ ರಾಗಿ ತೆನೆ ಮುಷ್ಟಿ ಕಟ್ಟಿ ನಿಂತಿತ್ತು. ಅತ್ತೆ ಒಂದು ತೆನೆ ಅಂಗೈಯಲ್ಲಿ ಉಜ್ಜಿ ಊದಿ ಬಾಯಿಗೆ ಹಾಕಿಕೊಂಡರು. ಮುದುಕ ಅದನ್ನು ನೋಡಿ ನಕ್ಕ. ಮಾತು ಶುರುವಾದದ್ದು ಹಾಗೆ.

ಆ ಮಾತುಕತೆ ನೆನೆದರೆ ಈಗಲೂ ನಗು ಬರುತ್ತದೆ. ಅತ್ತೆ ಕನ್ನಡದಲ್ಲಿ ಹೇಳಿದ್ದನ್ನು ಅಂಜಲೈ ತಮಿಳಿಗೆ, ಬಂಡಿಯವನು ಸಿಂಹಳಕ್ಕೆ ತಿರುಗಿಸಬೇಕು, ಮುದುಕನ ಉತ್ತರ ಅದೇ ದಾರಿಯಲ್ಲಿ ವಾಪಸು ಬರಬೇಕು. ಅವನು ಬಹಳ ಹೊತ್ತು ಮಾತಾಡಿದರೆ ನಮಗೆ ತಲುಪುವಾಗ "ಹೌದು" ಎಂಬಷ್ಟೇ ಉಳಿದಿರುತ್ತಿತ್ತು.

ಅತ್ತೆ ಕೊಡಲಿ ತಲೆಗಳನ್ನು ಬಾಳೆಲೆಯ ಮೇಲೆ ಇಟ್ಟರು. ಮುದುಕ ಒಂದನ್ನು ಎತ್ತಿ, ಉಗುರಿನಿಂದ ಮೀಟಿ, ಅಲಗನ್ನು ಮುಂಗೈ ಕೂದಲಿನ ಮೇಲೆ ಎಳೆದು ನೋಡಿದ. ನಿಮ್ಮೂರಲ್ಲಿ ಕಾಡಿದೆಯೇ ಎಂದು ಕೇಳಿದ.

"ಇದೆ. ಕಬ್ಬಿಣ ಕರಗಿಸೋಕೆ ಇದ್ದಿಲು ಬೇಕು ಅಂತ ಕಡೀತಾನೇ ಇದಾರೆ" ಎಂದರು ಅತ್ತೆ.

ಮುದುಕ ತಲೆದೂಗಿ ಏನೋ ಹೇಳಿದ. ಬಂಡಿಯವನು ನಕ್ಕ, ಅಂಜಲೈ ನಕ್ಕಳು. "ಅಷ್ಟು ಮರ ತಿಂದಿದೆ ಅಂದ್ರೆ ಕೊಡ್ಲಿ ಒಳ್ಳೇದೇ ಇರ್ಬೇಕು ಅಂತಾನೆ ಅಮ್ಮಾ."

ಅವನು ಒಳಗಿಂದ ಸೋರೆ ಬುರುಡೆಯಲ್ಲಿ ಜೇನು ತಂದ. ಯಾರ ಮನೆಯ ನೀರನ್ನೂ ಮುಟ್ಟದ ಅತ್ತೆ ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದರು. ನಮ್ಮವರು ಬೆರಗಾಗಿ ನೋಡಿದಾಗ, "ಜೇನಿಗೆ ಮೈಲಿಗೆ ಇಲ್ಲ ಕಣೋ. ಯಾವ ಹೂವಿನ ಜಾತಿ ಕೇಳಿ ಹುಳ ಕೂರುತ್ತೆ?" ಅಂದರು. ಹಾಡನ್ನೂ ಕೇಳಿದರು. ಮುದುಕ ನಾಚಿದ, ಆಮೇಲೆ ಕಣ್ಣು ಮುಚ್ಚಿ, ತೂಗುತ್ತಾ, ತಗ್ಗು ದನಿಯಲ್ಲಿ ಹಾಡಿದ. ಮಗುವನ್ನು ಮಲಗಿಸುವ ಹಾಗಿತ್ತು.

ಅಷ್ಟರಲ್ಲಿ ಅವನ ಅಕ್ಕ ಅಂತೆ, ಹಣ್ಣು ಮುದುಕಿ ಒಬ್ಬಳು ಬಂದು ಅತ್ತೆಯ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಬಹಳ ಹೊತ್ತು ನೋಡಿ, ಕೈ ಚಾಚಿ, ಅತ್ತೆಯ ತಲೆಯ ಮೇಲಿನ ಸೆರಗನ್ನು ಮೆಲ್ಲನೆ ಸರಿಸಿದಳು. ಮುದುಕಿ ಏನೋ ಕೇಳಿದಳು.

ಅಂಜಲೈ ತಡವರಿಸಿದಳು. "ಕೂದ್ಲು ಏನಾಯ್ತು ಅಂತ ಕೇಳ್ತಾಳೆ. ಕಾಯಿಲೆನಾ ಅಂತ."

"ಗಂಡ ಹೋದ ಅಂತ ಹೇಳು."

ಮಾತು ಹೋಯಿತು, ಬಂತು. ಮುದುಕಿ ತನ್ನ ಬಿಳಿಯ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದು ತೋರಿಸಿದಳು. "ಅವಳ ಗಂಡನೂ ಹೋದ್ನಂತೆ ಅಮ್ಮಾ. ಹೋಗೋನು ಕೂದ್ಲು ತಗೊಂಡ್ ಹೋಗ್ಲಿಲ್ಲ ಅಂತಾಳೆ."

ಅತ್ತೆ ನಕ್ಕುಬಿಟ್ಟರು. ನಗು ನಿಂತ ಮೇಲೆ ಸೆರಗನ್ನು ತಕ್ಷಣ ಮೇಲೆಳೆದುಕೊಳ್ಳಲಿಲ್ಲ. ಕಾಡಿನ ಗಾಳಿಗೆ ತಲೆಯೊಡ್ಡಿ ಹಾಗೇ ಕೂತಿದ್ದರು.

ಭದ್ರಾವತಿಗೆ ಮರಳಿದ ಮೇಲೆ ಆ ತಿಂಗಳ ಕ್ಷೌರದವನು ಬಂದ. ಅತ್ತೆ ಹಿತ್ತಲ ಬಾಗಿಲಲ್ಲೇ ನಿಂತು, "ಇನ್ನು ಬೇಡಪ್ಪ. ನಿನ್ನ ಕೈ ಚೆನ್ನಾಗಿತ್ತು" ಎಂದು ಹೇಳಿ, ಅಕ್ಕಿ, ಬೆಲ್ಲ ಕೊಟ್ಟು ಕಳಿಸಿದರು. ನಮ್ಮವರು ಪತ್ರಿಕೆಯ ಹಿಂದೆ ಮುಖ ಮರೆಸಿದರು. ವಠಾರದಲ್ಲಿ ಗುಸುಗುಸು ಎದ್ದಿತು. ಕೆಲವರು ಅರಿಶಿನ ಕುಂಕುಮಕ್ಕೆ ನನ್ನನ್ನು ಕರೆಯುವುದನ್ನೂ ಬಿಟ್ಟರು. ಅತ್ತೆಯ ತಲೆಯ ಮೇಲೆ ರಾಗಿ ಪೈರಿನ ಹಾಗೆ ಬಿಳಿ ಕೂದಲು ಮೇಲೆದ್ದಿತು.

ಸುದ್ದಿ ಶಿವಮೊಗ್ಗದ ಕೋಟೆಗೆ ಮುಟ್ಟದೆ ಇರುತ್ತದೆಯೇ? ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಶಾಸ್ತ್ರಿಮಾವ ಒಬ್ಬರೇ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಜಗಲಿಯ ಮೇಲೆ ಕೂತರು. ಅತ್ತೆ ಹೊರಗೆ ಬಂದು ಕಂಬದ ಪಕ್ಕ ನಿಂತರು. ಶಾಸ್ತ್ರಿಮಾವ ತಂಗಿಯ ತಲೆಯನ್ನೇ ನೋಡುತ್ತಿದ್ದರು. ಬಯ್ಯುತ್ತಾರೆಂದು ನಾನು ಕಾದೆ.

"ಅಮ್ಮನ ಕೂದಲೂ ಹೀಗೇ ಸುರುಳಿ ಇತ್ತು" ಅಂದರು ಅವರು ಕೊನೆಗೆ. ಆಮೇಲೆ, "ಸಮುದ್ರಕ್ಕಾದ್ರೆ ಪ್ರಾಯಶ್ಚಿತ್ತ ಇದೆ ಭಾಗೂ. ಇದಕ್ಕೆ ಎಂತ ಮಾಡೋದು?"

"ಇದಕ್ಕೆ ಎಣ್ಣೆ ಹಚ್ಚಬೇಕು ಅಣ್ಣಾ."

ಶಾಸ್ತ್ರಿಮಾವ ನಶ್ಯದ ಡಬ್ಬಿ ತೆಗೆದು, ಏರಿಸದೆ, ಹಾಗೇ ಕೈಯಲ್ಲಿ ಹಿಡಿದು ಕೂತರು. ಬೀದಿಯ ಕಡೆ ಮುಖಮಾಡಿ, ಯಾರನ್ನೋ ಕೇಳುವ ಹಾಗೆ ಕೇಳಿದರು: "ಆ ಸಮುದ್ರ... ನೀರು ಯಾವ ಬಣ್ಣ?"

ಅತ್ತೆ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ಹೇಳತೊಡಗಿದರು. ನಾನು ಒಳಗೆ ಹೋಗಿ ಅನ್ನಕ್ಕೆ ಇನ್ನೊಂದು ಸೇರು ಅಕ್ಕಿ ಹಾಕಿದೆ.

ಹೊಸ್ತಿಲಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಶಾಸ್ತ್ರಿಮಾವನಿಗೆ ಕಣ್ಣು ಮಂಜಾಯಿತು. ಅತ್ತೆ ಶಿವಮೊಗ್ಗಕ್ಕೇ ಹೋಗಿ ಅಣ್ಣನ ಜೊತೆ ಉಳಿದರು. ಮಧ್ಯಾಹ್ನದ ಊಟವಾದ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಕೂತರೆ, ಸಿಲೋನಿನ ದಾರಿ ದಿನಕ್ಕಿಷ್ಟು ಎಂದು ಸಾಗುತ್ತಿತ್ತು. ಮುಗಿದರೆ ಮತ್ತೆ ಭದ್ರಾವತಿಯ ನಿಲ್ದಾಣದಿಂದ ಶುರು.

ನಾನು ಅತ್ತೆಯನ್ನು ಕೊನೆಯ ಸಲ ನೋಡಿದ್ದು ಯುದ್ಧದ ದಿನಗಳಲ್ಲಿ, ಅಕ್ಕಿಗೆ ಪಡಿ ಶುರುವಾಗಿದ್ದ ಬೇಸಿಗೆಯಲ್ಲಿ. ಹಿತ್ತಲ ಕಟ್ಟೆಯ ಮೇಲೆ ಕೂತು ನನ್ನ ಕೈಯಲ್ಲಿ ತಲೆ ಬಾಚಿಸಿಕೊಂಡರು. ಕೂದಲು ಒಂದು ಪುಟ್ಟ ತುರುಬಿಗೆ ಸಾಕಾಗುವಷ್ಟಿತ್ತು. "ಯುದ್ಧ ಮುಗೀಲಿ ಕಣೇ. ಜಾವಾ ಅಂತ ಒಂದಿದೆಯಂತೆ. ಅಲ್ಲಿ ಬೆಟ್ಟದ ಬಾಯಿಂದ ಬೆಂಕಿ ಬರುತ್ತಂತೆ. ಅಣ್ಣಂಗೆ ಹೇಳಿದೀನಿ, ಈ ಸಲ ಅವನೂ ಬರಬೇಕು ಅಂತ" ಅಂದರು. ಮುಂದಿನ ವಾರ, ಎರಡು ದಿನದ ಜ್ವರದಲ್ಲಿ, ನೋವಿಲ್ಲದೆ ಹೋದರು.

ವೈಕುಂಠ ಸಮಾರಾಧನೆಯ ದಿನ ಕೋಟೆಯ ಮನೆಯ ಪಡಸಾಲೆ ತುಂಬಿತ್ತು. ಊಟದ ಮಧ್ಯೆ ಯಾರೋ ಅತ್ತೆಯ ಯಾತ್ರೆಯ ಮಾತು ತೆಗೆದರು. ಗೋಡೆಗೊರಗಿ ಕೂತಿದ್ದ ಶಾಸ್ತ್ರಿಮಾವ ತಲೆಯೆತ್ತಿದರು.

"ನಾವು ಸಮುದ್ರ ದಾಟಿದಾಗ ನೀರು ದಡದ ಹತ್ತಿರ ಹಸಿರು, ನಡುವೆ ನೀಲಿ" ಎಂದು ಆರಂಭಿಸಿದರು. ತಗಡಿನ ಕೊಟ್ಟಿಗೆ, ಸುಂಕದವನು, ಸಾಲುಮನೆ, ಹೊಳೆ. ನಮ್ಮವರು ತಿದ್ದಲು ಹೋದರು. ನಾನು ದೂರದಿಂದಲೇ ಬೇಡವೆಂದು ತಲೆಯಾಡಿಸಿದೆ.

"ಕಾಡಿಗೆ ಬಂಡಿಯಲ್ಲಿ ಹೋದೆವು. ಎರಡೂ ಬಿಳಿ ಎತ್ತು..."

"ಅಲ್ಲ ಅಯ್ನೋರೇ" ಎಂದಳು ಭದ್ರಾವತಿಯಿಂದ ನಮ್ಮ ಜೊತೆ ಬಂದು ಜಗಲಿಯಲ್ಲಿ ಕೂತಿದ್ದ ಅಂಜಲೈ, ಕಣ್ಣೊರೆಸಿಕೊಳ್ಳುತ್ತಾ. "ಒಂದು ಕರೀದು."

"ಹೌದೌದು, ಒಂದು ಕಪ್ಪು" ಎಂದರು ಶಾಸ್ತ್ರಿಮಾವ. "ಅದರ ಎಡಗೊಂಬು ಮುರಿದಿತ್ತು."

ಆ ಎತ್ತಿನ ಹಿಂದೆ ದಿನವಿಡೀ ಕೂತು ಹೋದವಳು ನಾನು. ಕೊಂಬು ಮುರಿದದ್ದು ನನಗೆ ಮರೆತೇ ಹೋಗಿತ್ತು. ಅವರು ಹೇಳಿದ ಮೇಲೆ ಕಣ್ಣಿಗೆ ಕಟ್ಟಿತು.